ಬೆಟಗೇರಿಯ ಕೊನೆಯ ಬಾಲವಾಡಿ

ಗದಗ-ಬೆಟಗೇರಿ
ವೈಶಾಖದ ಅರವತ್ತೆರಡನೇ ದಿನ, ಇಸವಿ ಎರಡು ಸಾವಿರದ ಇನ್ನೂರ ಹದಿನೇಳು

ನಮಗಿಂತ ಮೊದಲು ಬಾಳಿದವರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ಒಂದು ತಿಂಗಳಿಗೆ ಅರವತ್ತೆರಡು ದಿನ ಎಲ್ಲಿಂದ ಬಂದವು ಎಂದು ನೀವು ಕೇಳಬಹುದು. ನಮ್ಮಲ್ಲಿ ಮೊದಲ ಮಳೆ ಬೀಳುವ ತನಕ ವೈಶಾಖ ಮುಗಿಯುವುದಿಲ್ಲ. ಮಳೆ ಬರಲಿಲ್ಲವೆಂದರೆ ದಿನಗಳನ್ನು ಹಾಗೇ ಮುಂದಕ್ಕೆ ಎಣಿಸುತ್ತೇವೆ. ಈ ಪತ್ರದ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಕೈಯಿಂದ ಬರೆಯುವುದನ್ನು ನಾನು ಕಲಿತದ್ದು ನಡುವಯಸ್ಸು ದಾಟಿದ ಮೇಲೆ, ನಿಮ್ಮ ಕಾಲದ ಪುಸ್ತಕಗಳನ್ನು ನೋಡಿ. ನಮ್ಮ ಕೆಲವು ಶಬ್ದಗಳು ನಿಮ್ಮಲ್ಲಿ ಇರಲಿಲ್ಲ; ಅವು ಬಂದಲ್ಲಿ ಅರ್ಥ ಹೇಳುತ್ತೇನೆ. ನಿಮ್ಮ ಕೆಲವು ಶಬ್ದಗಳು ನಮ್ಮಲ್ಲಿ ಉಳಿದಿಲ್ಲ. ನಿಮ್ಮ ಮಕ್ಕಳು ಒಬ್ಬರಿಗೊಬ್ಬರು ‘ಟೂ’ ಬಿಡುತ್ತಿದ್ದರು, ಸಂಜೆಯೊಳಗೆ ಮತ್ತೆ ಸೇರಿಕೊಳ್ಳುತ್ತಿದ್ದರು ಎಂದು ಓದಿದಾಗ ಅದೇನೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ಮುನಿಸು ಅನ್ನುವುದು ಮುಗಿಯುವಂಥದ್ದು ಎಂದು ನಮಗೆ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ಮಗು ಹುಟ್ಟಿದ ವಾರದೊಳಗೆ ಅದರ ಕೊರಳಿಗೆ ಒಂದು ಮಣಿ ಕಟ್ಟುತ್ತಾರೆ. ಮಣಿಯೊಳಗೆ ಒಂದು ದನಿಯಿದೆ. ಅದಕ್ಕೆ ಒಡನುಡಿ ಎನ್ನುತ್ತೇವೆ. ಅದು ಮಗುವಿನ ಜೊತೆ ಆಡುತ್ತದೆ, ಅಕ್ಷರ ಕಲಿಸುತ್ತದೆ, ನಿದ್ದೆ ಬರುವ ತನಕ ಕಥೆ ಹೇಳುತ್ತದೆ. ಅದಕ್ಕೆ ಸಿಟ್ಟಿಲ್ಲ, ಬೇಸರವಿಲ್ಲ, ಹಸಿವಿಲ್ಲ. ಆಟದಲ್ಲಿ ಪ್ರತಿಸಲವೂ ಅದೇ ಸೋಲುತ್ತದೆ. ನಿಮ್ಮ ಬಾಲವಾಡಿ, ಅಂಗನವಾಡಿಗಳನ್ನು ಯಾರೂ ಬೀಗ ಜಡಿದು ಮುಚ್ಚಲಿಲ್ಲ. ನೆಗಡಿ ಅಂಟಿಸದ, ತಳ್ಳದ, ಕಚ್ಚದ ಗೆಳೆಯ ಕೊರಳಲ್ಲೇ ಇರುವಾಗ ಮಗುವನ್ನು ಹೊರಗೆ ಕಳಿಸುವುದೇಕೆ ಎಂದು ಒಂದೊಂದೇ ಮನೆಯವರು ಅಂದುಕೊಂಡರು. ಹನ್ನೆರಡು ತುಂಬಿದವರೆಲ್ಲ ಬಿಡಿಮನೆಗೆ ಹೋಗುತ್ತಾರೆ. ಬಿಡಿಮನೆಯೆಂದರೆ ಒಬ್ಬರೇ ಇರುವ ಒಂದು ಕೋಣೆ. ಗಂಡ ಹೆಂಡಿರ ಬಿಡಿಮನೆಗಳ ನಡುವೆ ಒಂದು ಗೋಡೆ ಇರುತ್ತದೆ. ಒಬ್ಬರ ಮಾತು ಇನ್ನೊಬ್ಬರನ್ನು ನೋಯಿಸೀತು ಎನ್ನಿಸಿದರೆ ಒಡನುಡಿ ಅದನ್ನು ಮೆತ್ತಗೆ ಮಾಡಿ ಆಚೆಗೆ ದಾಟಿಸುತ್ತದೆ. ಸಂತೆಯಲ್ಲಿ ಚೌಕಾಸಿ ಇಲ್ಲ. ಬೀದಿಯಲ್ಲಿ ಬೈಗುಳವಿಲ್ಲ. ನೀವು ನೋಡಿದರೆ ಇದೆಂಥ ಶಾಂತ ಊರು ಎಂದು ಮೆಚ್ಚುತ್ತಿದ್ದಿರೇನೋ.

ನನ್ನ ಅಣ್ಣ ರಾಚಪ್ಪ ಸತ್ತದ್ದು ಈ ಶಾಂತಿಯೊಳಗೆ. ನೀರಿನ ಟಾಕಿಯ ಮೇಲಿನ ಚಪ್ಪಡಿ ಜಾರಿ ಅವನ ಎದೆಯ ಮೇಲೆ ಬಿತ್ತು. ಅದು ಒಬ್ಬರಿಂದ ಏಳುವ ಕಲ್ಲಲ್ಲ, ಆದರೆ ಇಬ್ಬರಿಗೆ ಭಾರವೂ ಅಲ್ಲ. ಸುತ್ತ ನಾಲ್ಕು ಜನ ಇದ್ದರು. ನಾಲ್ವರೂ ಕೊರಳಿಗೆ ಕೈ ಹಾಕಿ ತಮ್ಮ ತಮ್ಮ ಒಡನುಡಿಯನ್ನು ಕೇಳಿದರು. ಹೆದರಬೇಡ, ನೀನು ದೂರ ನಿಲ್ಲು, ಸಹಾಯ ಬರುತ್ತಿದೆ ಎಂದು ಅದು ನಾಲ್ವರಿಗೂ ಹೇಳಿತು. ಸಹಾಯ ಬಂತು. ಅಷ್ಟರಲ್ಲಿ ಅಣ್ಣನ ಉಸಿರು ನಿಂತಿತ್ತು.

ಆ ನಾಲ್ವರಲ್ಲಿ ಒಬ್ಬ ಫಕೀರೇಶ. ನಮ್ಮ ಓಣಿಯವನೇ, ಗಾಳಿಯಿಂದ ಕರೆಂಟು ತೆಗೆಯುವ ಗಾಳಿಗಂಬಗಳ ರಿಪೇರಿ ಕೆಲಸದವನು. ಮಣ್ಣು ಮಾಡಿದ ಮರುದಿನ ನನ್ನ ಬಾಗಿಲಿಗೆ ಬಂದು ಹೊರಗೇ ನಿಂತ.

“ಇಬ್ಬರು ಹಿಡದಿದ್ರ ಕಲ್ಲು ಏಳತಿತ್ರಿ,” ಎಂದ. “ಆದ್ರ ಬಾಜೂಕ ನಿಂತಾಂವನ್ನ ಹೆಂಗ ಕರೀಬೇಕು ಅನ್ನೂದ ತಿಳೀಲಿಲ್ಲ. ಬಾಯಿ ಬರಲಿಲ್ರಿ ನನಗ.”

ನನ್ನ ಜೊತೆ ಕುಳಿತಿದ್ದ ಮೆಹರುನ್ನೀಸಾ ಅದನ್ನು ಕೇಳಿಸಿಕೊಂಡಳು. ಮೆಹರಕ್ಕ ನನಗಿಂತ ಹಿರಿಯಳು, ನೇಕಾರರ ಮನೆತನದವಳು. ಅವಳ ನಾನಿ, ಅಂದರೆ ತಾಯಿಯ ತಾಯಿ, ಚಿಕ್ಕವಳಿದ್ದಾಗ ಬೆಟಗೇರಿಯಲ್ಲಿ ಒಂದೆರಡು ಬಾಲವಾಡಿಗಳು ಇನ್ನೂ ಕುಟುಕು ಜೀವ ಹಿಡಿದಿದ್ದವಂತೆ. ಫಕೀರೇಶ ಹೋದ ಮೇಲೆ ಅವಳು ಅಂದಳು: “ನಾನಿ ಹೇಳತಿದ್ದಳು ನೀಲವ್ವ, ಅಲ್ಲೇನು ಭಾಳ ಓದು ಬರಹ ಇರಲಿಲ್ಲಂತ. ಮುಂಜಾನೆ ಹೋಗೂದು, ಹೊಡದಾಡೂದು, ಅಳೂದು, ಕೂಡಿ ಉಣ್ಣೂದು, ಬರೂದು. ಅಷ್ಟ. ಆ ಅಷ್ಟನ್ನ ನಾವು ಕಳಕೊಂಡೇವಿ.”

ಹೀಗೆ ನಾವಿಬ್ಬರೂ ಸೇರಿ ಅವಳ ಹಳೆಯ ಮಗ್ಗದ ಮನೆಯಲ್ಲಿ ಬಾಲವಾಡಿ ತೆರೆದೆವು. ನೆಲದಲ್ಲಿ ಕುಣಿಮಗ್ಗದ ಕುಣಿಗಳು ಹಾಗೇ ಇದ್ದವು. ನೇಕಾರರು ಕಾಲು ಇಳಿಬಿಟ್ಟು ಕೂಡುತ್ತಿದ್ದ ತಗ್ಗುಗಳು. ಮಕ್ಕಳು ಅವುಗಳ ಅಂಚಿಗೆ ಕೂತು ಕಾಲು ಆಡಿಸಬಹುದಿತ್ತು. ಆಟಿಕೆಗಳೆಂದರೆ ಮಗ್ಗದಲ್ಲಿ ನೂಲನ್ನು ಅತ್ತಿತ್ತ ಒಯ್ಯುವ ಹಳೆಯ ಲಾಳಿಗಳು, ನೂಲು ಸುತ್ತುವ ಕಂಡಿಕೆಗಳು, ಒಂದು ಜೋಕಾಲಿ, ಒಂದು ಉದ್ದನೆಯ ಬೆಂಚು. ಒಳಗೆ ಬರುವಾಗ ಮಗುವಿನ ಮಣಿ ಬಿಚ್ಚಿಡಬೇಕು ಎಂಬುದೊಂದೇ ಕರಾರು. ಏಳೆಂಟು ಮಕ್ಕಳು ಬಂದವು. ಎಲ್ಲರಿಗಿಂತ ಮೊದಲು ಮಗನನ್ನು ಕರೆತಂದವನು ಫಕೀರೇಶ. ಹುಡುಗನ ಹೆಸರು ದ್ಯಾಮಣ್ಣ, ನಾಲ್ಕು ವರ್ಷದವನು. ಮಣಿ ಬಿಚ್ಚುವಾಗ ಹುಡುಗ ಸುಮ್ಮನಿದ್ದ. ತಂದೆ ಗಂಟು ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದ.

ಮೊದಮೊದಲು ಕಂಡದ್ದನ್ನು ನಿಮಗೆ ಹೇಗೆ ತಿಳಿಸಲಿ. ಆ ಮಕ್ಕಳಿಗೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಕಂಬವನ್ನು ಬಳಸಿ ಹೋಗುವ ಹಾಗೆ ಇನ್ನೊಂದು ಮಗುವನ್ನು ಬಳಸಿ ಹೋಗುತ್ತಿದ್ದರು. ಒಬ್ಬರು ಬಿದ್ದು ಅತ್ತರೆ ಉಳಿದವರು ತಲೆಯೆತ್ತುತ್ತಿರಲಿಲ್ಲ. ಒಂದು ದಿನ ದ್ಯಾಮಣ್ಣ ಕೆಂಪು ಬಣ್ಣದ ಲಾಳಿಯೊಂದನ್ನು ಎತ್ತಿಕೊಳ್ಳಲು ಹೋದ. ಇಂಚರ ಎಂಬ ಹುಡುಗಿ ಅದರ ಇನ್ನೊಂದು ತುದಿ ಹಿಡಿದಿದ್ದಳು. ಅವನು ಎಳೆದ. ಅದು ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಆಮೇಲೆ ನನ್ನ ಕಡೆ ತಿರುಗಿ, ಅವಳತ್ತ ಬೆರಳು ಮಾಡಿ ಕೇಳಿದ:

“ಇದು ಯಾಕ ಬಿಡವಲ್ದು?”

ಅವನು ಕೇಳಿದ್ದು ಲಾಳಿಯ ಬಗ್ಗೆ ಅಲ್ಲ. ಹುಡುಗಿಯ ಬಗ್ಗೆ.

ಮೆಹರಕ್ಕ ಅವನ ಪಕ್ಕ ಕೂತು, “ಯಾಕಂದ್ರ ಅಕಿಗೂ ಬೇಕು,” ಎಂದಳು. ಅವನು ಆ ಮಾತನ್ನು ಹೊಸ ತಿನಿಸು ಬಾಯಿಗಿಟ್ಟವನಂತೆ ಹಿಡಿದುಕೊಂಡು ಕೂತ. ಅಕಿಗೂ ಬೇಕು. ತನ್ನಂತೆಯೇ ಬೇಕೆನ್ನುವುದು ಈ ಲೋಕದಲ್ಲಿ ಇನ್ನೊಂದಿದೆ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಅಳು ಬಂತು. ಇಂಚರ ಅವನ ಅಳುವನ್ನೇ ನೋಡುತ್ತಾ ನಿಂತಳು. ಅವಳೂ ಅತ್ತಳು. ಆ ಮನೆಯಲ್ಲಿ ಇಬ್ಬರು ಕೂಡಿ ಅತ್ತದ್ದು ಅದೇ ಮೊದಲು. ನಮಗಿಬ್ಬರಿಗೆ ಅಂದು ಹಬ್ಬದ ಹಾಗಿತ್ತು.

ಆಮೇಲಿನ ತಿಂಗಳುಗಳನ್ನು ನಾನು ಆಗಾಗ ಮನಸ್ಸಿನಲ್ಲೇ ತಿರುವಿ ಹಾಕುತ್ತೇನೆ. ಜೋಕಾಲಿಗೆ ಸರದಿ ಕಾಯುವುದು ಬಂತು. ಕಾಯುವಾಗ ಒಂದು ಕಾಲ ಮೇಲೆ ಕುಣಿಯುವುದನ್ನು ತಾವೇ ಕಂಡುಕೊಂಡರು. ಇಂಚರಳ ಮೂಗು ಸೋರಿದಾಗ ದ್ಯಾಮಣ್ಣ ತನ್ನ ಅಂಗಿಯ ತುದಿಯಿಂದ ಒರೆಸಿದ, ಯಾರೂ ಹೇಳಿರಲಿಲ್ಲ. ರೊಟ್ಟಿ ಮುರಿದಾಗ ದೊಡ್ಡ ಚೂರು ಯಾರಿಗೆ ಎಂದು ವಾದ ಹುಟ್ಟಿತು; ಒಬ್ಬರು ಮುರಿಯುವುದು, ಇನ್ನೊಬ್ಬರು ಮೊದಲು ಆರಿಸಿಕೊಳ್ಳುವುದು ಎಂದು ಅವರೇ ತೀರ್ಮಾನ ಮಾಡಿಕೊಂಡರು. ‘ಅಕಿ’, ‘ಅವ’ ಎಂಬ ಮಾತುಗಳು ಅವರ ಬಾಯಲ್ಲಿ ನೆಲೆಯಾದವು. ಒಂದು ಮುಂಜಾನೆ ಬೆಂಚು ಸರಿಸಬೇಕಾಗಿತ್ತು. ದ್ಯಾಮಣ್ಣ ಒಂದು ತುದಿಗೆ ನಿಂತು ಕೂಗಿದ: “ಇಂಚರಾ, ಆ ಕಡೆ ಹಿಡಿ. ನಾ ಹೂಂ ಅಂದಾಗ ಎತ್ತು.” ಮಗನನ್ನು ಬಿಟ್ಟುಹೋಗಲು ಬಂದಿದ್ದ ಫಕೀರೇಶ ಬಾಗಿಲಲ್ಲಿ ನಿಂತು ಇದನ್ನು ನೋಡಿದ. ತಿರುಗಿ ಹೋದ. ಕೆಲಸದ ಹೊತ್ತು ಮೀರಿದರೂ ಅವನು ಟಾಕಿಯ ಹತ್ತಿರ ನಿಂತೇ ಇದ್ದನೆಂದು ಆಮೇಲೆ ಕೇಳಿದೆ.

ಇಂಚರ ದ್ಯಾಮಣ್ಣನನ್ನು ಕಚ್ಚಿದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಜೋಕಾಲಿಯ ಜಗಳ. ತೋಳಿನ ಮೇಲೆ ಹಲ್ಲಿನ ಗುರುತು ಮೂಡಿತು. ಊಟದ ಹೊತ್ತಿಗೆ ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕಿದ್ದರು. ಅವಳು ಆ ಗುರುತಿಗೆ ಊದುತ್ತಿದ್ದಳು, ಅವನು ಆಗಾಗ ತೋಳು ಚಾಚಿ ಊದಿಸಿಕೊಳ್ಳುತ್ತಿದ್ದ. ಆದರೆ ಮನೆಗೆ ಹೋಗಿ ಮಣಿ ಕಟ್ಟಿದೊಡನೆ ಒಡನುಡಿ ಗುರುತನ್ನು ಕಂಡಿತು. ಓಣಿಯ ಎಲ್ಲ ತಂದೆತಾಯಿಗಳಿಗೂ ಹಾನಿಸೂಚನೆ ಹೋಯಿತು. ಮಗುವಿಗೆ ಇನ್ನೊಬ್ಬರಿಂದ ನೋವಾಗಿದೆ ಎಂದು ಸಾರುವುದಕ್ಕೆ ನಮ್ಮಲ್ಲಿ ಹಾಗೆ ಹೆಸರು.

ಎಲ್ಲರನ್ನೂ ಮಗ್ಗದ ಮನೆಗೆ ಕರೆದೆವು. ಬಂದರು. ಕುಣಿಗಳ ಸುತ್ತ ಒಬ್ಬರಿಂದೊಬ್ಬರು ದೂರ ದೂರ ನಿಂತರು. ಮೆಹರಕ್ಕ ಕೈ ಮುಗಿದು, “ಸಿಟ್ಟಿದ್ರ ಬೈಯ್ರಿ. ಅವರಿಗೆ ನೀವು ಬೈಯ್ರಿ, ನಿಮಗ ಅವರು ಬೈಲಿ. ನನಗೂ ಬೈಯ್ರಿ. ಆಮ್ಯಾಲ ಕುಂತು ಮಾತಾಡೂಣು,” ಎಂದಳು. ಯಾರೂ ಬೈಯಲಿಲ್ಲ. ಇಂಚರಳ ತಾಯಿ ಹೇಮಾಕ್ಷಿ ಫಕೀರೇಶನ ಕಡೆ ಒಮ್ಮೆ ಬಾಯಿ ತೆರೆದಳು, ಶಬ್ದ ಹೊರಡಲಿಲ್ಲ. ಅವಳ ಕೈ ಕೊರಳಿಗೆ ಹೋಯಿತು. ಅವನ ಕೈಯೂ. ನೋಡುತ್ತಿದ್ದಂತೆ ಅಷ್ಟೂ ಜನ ತಲೆ ತಗ್ಗಿಸಿ ತಮ್ಮ ತಮ್ಮ ಮಣಿಯೊಂದಿಗೆ ಪಿಸುಗುಟ್ಟತೊಡಗಿದರು. ಮಕ್ಕಳಿಗೆ ಊಟದೊಳಗೆ ತೀರಿದ ಜಗಳ ದೊಡ್ಡವರಿಗೆ ಶುರುವನ್ನೂ ಮಾಡಲಾಗಲಿಲ್ಲ. ಒಬ್ಬೊಬ್ಬರಾಗಿ ಹೊರಗೆ ನಡೆದರು.

ಫಕೀರೇಶ ಕೊನೆಯವನಾಗಿ ಉಳಿದ. ಅವನ ಕಣ್ಣು ತುಂಬಿತ್ತು. “ನೀವು ಮಾಡಿದ್ದು ಛಲೋ ಅದ ಅಂತ ನನಗ ಗೊತ್ತದರಿ ಅಕ್ಕಾರ,” ಎಂದ. “ಆದ್ರ ಮನಿಯಾಗ ಅಂವ ಅಳತಾನ. ಅಕಿ ಬೇಕು ಅಂತಾನ. ಅಳೂ ಮಗನ್ನ ಹೆಂಗ ಎತಗೋಬೇಕು ಅಂತ ನನಗ ಗೊತ್ತಿಲ್ರಿ. ನನಗ ಇದು ಆಗೂದಿಲ್ಲ.”

ಮರುದಿನದಿಂದ ಯಾರೂ ಬರಲಿಲ್ಲ, ಇಂಚರಳ ಹೊರತು. ಅವಳ ತಾಯಿ ಕೆಲಕಾಲ ಅವಳನ್ನು ಕರೆತಂದಳು. ಆದರೆ ಒಂದು ಮಗು, ಇಬ್ಬರು ಮುದುಕಿಯರು ಸೇರಿದರೆ ಬಾಲವಾಡಿ ಆಗುವುದಿಲ್ಲ. ನಾವು ಜೋಕಾಲಿಯನ್ನು ಅವಳಿಗೇ ಬಿಟ್ಟುಕೊಡುತ್ತಿದ್ದೆವು, ಅವಳು ಕೂಡುತ್ತಿರಲಿಲ್ಲ. “ಮೊದಲ ಯಾರರೆ ಕುಂದರ್ಲಿ,” ಎನ್ನುತ್ತಿದ್ದಳು. ಹಾಗೆ ಸರದಿ ಕಾಯುತ್ತಾ ನಿಂತಿರುತ್ತಿದ್ದಳು. ಅದನ್ನು ನೋಡಲಾಗದೆ ಹೇಮಾಕ್ಷಿಯೂ ಅವಳನ್ನು ಕರೆತರುವುದನ್ನು ನಿಲ್ಲಿಸಿದಳು. ಚಳಿಗಾಲದಲ್ಲಿ ಮೆಹರಕ್ಕ ತೀರಿಕೊಂಡಳು. ಹೊರಲು ಬಂದದ್ದು ಯಂತ್ರ.

ಅದಾಗಿ ಒಂದು ವರ್ಷ ಕಳೆದ ಮೇಲೆ ಫಕೀರೇಶ ಮತ್ತೆ ನನ್ನಲ್ಲಿಗೆ ಬಂದ. ಈ ಸಲ ಒಳಗೆ ಕರೆದೆ. ಬಂದು ಗೋಡೆಗೆ ಒರಗಿ ನಿಂತ. ಮಗ ಬಹಳ ದಿನ ಅತ್ತನಂತೆ. ಅವನ ಅಳು ನಿಲ್ಲಿಸಲು ಒಡನುಡಿ ಒಂದು ದಾರಿ ಹುಡುಕಿತು. ಹುಡುಗ ಹಗಲೆಲ್ಲ ಇಂಚರಳ ಬಗ್ಗೆ ಹೇಳುತ್ತಿದ್ದುದನ್ನು ಕೇಳಿ ಕೇಳಿ, ಅವಳ ಮಣಿಯಿಂದ ದನಿ ಪಡೆದು ಆ ದನಿಯಲ್ಲೇ ಮಾತಾಡಲು ಶುರು ಮಾಡಿತು. ಅವಳಂತೆಯೇ ನಗುತ್ತದೆ, ಅವಳಂತೆಯೇ ತೊದಲುತ್ತದೆ.

“ಮೊದಲ ಅಂವ ಒಪ್ಪಲಿಲ್ರಿ,” ಎಂದ ಫಕೀರೇಶ. “‘ಇಕಿ ಅಕಿ ಅಲ್ಲ, ಇಕಿ ಕೇಳಿದ ಕೂಡ್ಲೆ ಕೊಟ್ಟಬಿಡತಾಳ’ ಅಂತ ಚೀರತಿದ್ದ. ಮಣಿ ಕಿತ್ತು ಒಗೀತಿದ್ದ. ಆಮ್ಯಾಲ ಆಮ್ಯಾಲ ಕಮ್ಮಿ ಆತು. ಈಗ ಎರಡು ತಿಂಗಳಾತ್ರಿ, ಹಂಗನ್ನೂದ ಬಿಟ್ಟಾನ. ಅಳೂದಿಲ್ಲ. ಆರಾಮ ಆಡಕೋತ ಇರತಾನ.” ಗೋಡೆ ಬಿಟ್ಟು ಬಾಗಿಲ ಕಡೆ ಹೊರಟ. “ನಿಮಗ ಸಮಾಧಾನ ಆಗ್ಲಿ ಅಂತ ಹೇಳಾಕ ಬಂದೇರಿ.”

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಒಳ್ಳೇದಾತಪ್ಪ ಎಂದು ನಾನೂ ಹೇಳಿ ಕಳಿಸಿದೆ.

ಇದೆಲ್ಲ ನಡೆದು ಬಹಳ ವರ್ಷಗಳಾದವು. ಈಗ ನಮ್ಮೂರಿನ ಗಾಳಿಗಂಬಗಳಲ್ಲಿ ತಿರುಗುವವು ಕಡಿಮೆ. ಇಬ್ಬರು ಸೇರಿ ಮಾಡುವ ರಿಪೇರಿಗೆ ಇಬ್ಬರು ಸಿಗುವುದಿಲ್ಲ. ಮಗು ಹೆರುವವರೂ ಕಡಿಮೆ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ. ಹೀಗೇ ಒಂದು ದಿನ ಸದ್ದಿಲ್ಲದೆ ಮುಗಿಯುತ್ತೇವೆ ಎಂದು ನನಗೆ ಅನ್ನಿಸುತ್ತದೆ.

ಇಂಥ ಪತ್ರಗಳು ಎಚ್ಚರಿಕೆಯಿಂದ ಮುಗಿಯುವುದು ವಾಡಿಕೆ. ನಿಮಗೆ ಎಚ್ಚರ ಹೇಳಿ ಫಲವಿಲ್ಲ. ನೀವು ಕೇಳಿದ್ದರೆ ನಾನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಈ ಕಾಗದ ನಿಮಗೆ ಮುಟ್ಟಿಸುವ ದಾರಿಯೂ ನನಗೆ ಗೊತ್ತಿಲ್ಲ. ಆದರೂ ನಮ್ಮವರ ಪೈಕಿ ಇದನ್ನು ಓದಿ ನನ್ನ ಮೇಲೆ ರೇಗುವವರು ಒಬ್ಬರೂ ಇಲ್ಲವಾದ್ದರಿಂದ ನಿಮಗೇ ಬರೆದೆ.

ನಿಮ್ಮ ಮೇಲೆ ಸಿಟ್ಟಾಗುವವರ ನಡುವೆ ನೀವು ಸುಖವಾಗಿರಿ.

ಇತಿ,
ನೀಲಗಂಗಾ