ತಪ್ಪಾಯಿತೆಂದು ಸಾರದ ತಮಟೆ

ಹೊಸನಗರ
೧೪-೧೧-೧೯೬೬

ಮಗನೇ ಮುಕುಂದ,

ಮಿಲಿಟರಿಯ ಊಟ ಮೈಗೆ ಹಿಡಿಸಿತೇ? ಕೆಮ್ಮು ಹೇಗಿದೆ? ಅಲ್ಲಿ ಚಳಿ ಶುರುವಾಗಿರಬೇಕು, ನಾನು ಕಳಿಸಿದ ಮೆಣಸಿನ ಕಷಾಯದ ಪುಡಿಯನ್ನು ಗೆಳೆಯರಿಗೆಲ್ಲ ಹಂಚಿ ಮುಗಿಸಬೇಡ. ನೀನು ಹಂಚುವವನೇ, ನನಗೆ ಗೊತ್ತಿಲ್ಲವೇ! ನನ್ನ ಮಂಡಿನೋವು ಇದ್ದ ಹಾಗೇ ಇದೆ. ಇನ್ನು ಇಲ್ಲಿಯ ಸುದ್ದಿ. ದೂರದಲ್ಲಿರುವವನಿಗೆ ಬರೆಯುವುದು ಬೇಡವೆಂದುಕೊಂಡಿದ್ದೆ, ಆದರೆ ಹೊಟ್ಟೆಯೊಳಗೆ ಇಟ್ಟುಕೊಂಡು ಸಾಕಾಯಿತು.

ಗಿರಣಿಯ ಯಂತ್ರಕ್ಕೆಂದು ಮನೆ ಅಡವಿಟ್ಟು ಬ್ಯಾಂಕಿನಿಂದ ತಂದ ಸಾಲವನ್ನು ಯುಗಾದಿಗೇ ತೀರಿಸಿದ್ದು ನಿನಗೆ ಗೊತ್ತು. ನನ್ನ ಬಳೆಗಳು ಅದಕ್ಕೇ ಹೋದವು. ಬ್ಯಾಂಕಿನ ಆ ಪುಣ್ಯಾತ್ಮರು ಇಲ್ಲಿ ಕಟ್ಟಿಸಿಕೊಂಡ ದುಡ್ಡನ್ನು ಸಾಗರದ ದೊಡ್ಡ ಕಚೇರಿಯಲ್ಲಿ ಜಮಾ ಮಾಡಲೇ ಇಲ್ಲವಂತೆ. ದಸರೆ ಕಳೆದ ಮೇಲೆ ಒಂದು ಸಂತೆಯ ದಿನ ಕೋರ್ಟಿನ ಅಮೀನ ಬಂದ. ತಮಟೆಯ ಕನ್ನಪ್ಪನನ್ನು ಮುಂದೆ ಬಿಟ್ಟುಕೊಂಡು, ಸಂತೆಮಾಳದಿಂದ ನಮ್ಮ ಬಾಗಿಲ ತನಕ "ಗಿರಣಿ ಹೂವಯ್ಯನ ಮನೆ ಹರಾಜು!" ಎಂದು ಕೂಗಿಸಿದ. ಮದುವೆಯಾದಾಗಿನಿಂದ ಆ ಹೆಸರನ್ನು ನಾನು ಬಾಯಲ್ಲಿ ಆಡಿದವಳಲ್ಲ ಮಗಾ, ಬರೆಯುವಾಗಲೂ ಕೈ ತಡೆಯುತ್ತದೆ. ಅದನ್ನು ಬೀದಿಯಲ್ಲಿ ಬಡಿದರು, ಅವರ ಮನೆ ಹಾಳಾಗ.

ಅಪ್ಪಯ್ಯ ರಸೀದಿ ಹಿಡಿದು ಓಡಿದರು. ಮ್ಯಾನೇಜರು ನೋಡಿದರು, ಬೆವರಿದರು, "ನಮ್ಮದೇ ತಪ್ಪು, ಕ್ಷಮಿಸ್ಬೇಕು" ಎಂದು ಕಾಗದದಲ್ಲೂ ಬರೆದುಕೊಟ್ಟರು. ಆದರೆ ಅಷ್ಟರಲ್ಲಿ ನಿನ್ನ ತಂಗಿ ಸರೋಜಳನ್ನು ಒಪ್ಪಿ ವೀಳ್ಯ ಬದಲಾಯಿಸಿಕೊಂಡಿದ್ದ ಮೇಳಿಗೆಯ ಗಂಡಿನ ಮನೆಯವರಿಗೆ ಸುದ್ದಿ ಮುಟ್ಟಿತ್ತು. ಆ ಕಾಗದ ತೋರಿಸಲು ನಾನೇ ಬಸ್ಸು ಹತ್ತಿ ಹೋದೆ. ಹುಡುಗನ ತಾಯಿ ಕಾಫಿ ಕೊಟ್ಟು, "ಕಾಗ್ದ ಯಾರು ಓದ್ತಾರೆ ಶಾಂತಮ್ಮ, ತಮಟೆ ಊರೆಲ್ಲ ಕೇಳಿದೆ" ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ, ಯಾರು ನೋಡಿದರೂ ನಾಚಿಕೆಯಾಗಲಿಲ್ಲ. ಗಿರಣಿಗೂ ಈಗ ಯಾರೂ ಭತ್ತ ತರುವುದಿಲ್ಲ. ತಂದಿಟ್ಟ ಮೇಲೆ ಬೀಗ ಬಿದ್ದರೆ ಏನು ಗತಿ ಎಂಬ ಭಯ ಅವರಿಗೆ.

ಅಪ್ಪಯ್ಯ ಬ್ಯಾಂಕಿಗೆ ಹೋಗಿ ಕೇಳಿದ್ದು ಒಂದೇ: ಅದೇ ತಮಟೆ, ಅದೇ ಬೀದಿ, ಅದೇ ಸಂತೆ ದಿನ, "ನಮ್ಮಿಂದ ತಪ್ಪಾಯಿತು" ಎಂದು ಸಾರಿಸಿ. ಹರಾಜು ಕೂಗಿಸುವುದಕ್ಕೆ ಕಾಯಿದೆ ಇದೆಯಂತೆ, ತಪ್ಪಾಯಿತೆಂದು ಕೂಗಿಸುವುದಕ್ಕೆ ಇಲ್ಲವಂತೆ. ಕನ್ನಪ್ಪನನ್ನು ಕರೆದರೆ ಆ ಬಡಪಾಯಿ, "ಹುಕುಂ ಇಲ್ದೆ ಹ್ಯಾಂಗೆ ಬಡೀಲಿ ಅಯ್ಯಾ, ನನ್ನೇ ಒಳಗೆ ಹಾಕ್ತಾರೆ" ಎಂದು ಕೈಮುಗಿದ. ಅಂದಿನಿಂದ ನಿನ್ನ ಅಪ್ಪಯ್ಯ ಸಂತೆ ದಿನ ಸೀಮೆಎಣ್ಣೆ ಡಬ್ಬ ಬಡಿಯುತ್ತಾ, "ನನ್ನ ಸಾಲ ತೀರಿದೆ, ಕೇಳ್ರಪ್ಪೋ" ಎಂದು ತಾವೇ ಸುತ್ತುತ್ತಾರೆ. ಮೊದಲ ಸಲ ಜನ ನಿಂತು ಕೇಳಿದರು. ಈಗ ನಗುತ್ತಾರೆ. ನಾಲ್ಕು ಜನರಿಗೆ ನ್ಯಾಯ ಹೇಳುತ್ತಿದ್ದ ಮನುಷ್ಯ ಮಗಾ! ಬಿಡಿ ಅಂದರೆ ನನ್ನ ಮೇಲೇ ರೇಗುತ್ತಾರೆ, ನಾನೂ ರೇಗುತ್ತೇನೆ, ಆಮೇಲೆ ಇಬ್ಬರೂ ಉಣ್ಣದೆ ಮಲಗುತ್ತೇವೆ.

ನೀನು ಹುಷಾರಾಗಿರು. ಅಲ್ಲಿ ಯಾರ ಮೇಲೂ ಸಿಟ್ಟು ತೀರಿಸಿಕೊಳ್ಳಬೇಡ. ನಿನಗೂ ನಿನ್ನ ಜೊತೆಯ ಹುಡುಗರಿಗೂ ದೇವರು ಆಯುಸ್ಸು ಕೊಡಲಿ.

ನಿನ್ನ ಅಮ್ಮ,
ಶಾಂತಮ್ಮ

ಮತ್ತೆ: ಟಪಾಲಿಗೆ ಹಾಕುವ ಮೊದಲೇ ಹೀಗಾಯಿತು. ಬೆಳಿಗ್ಗೆ ಅಪ್ಪಯ್ಯ ಜಗಲಿಯಲ್ಲಿ ಕುಸಿದರು. ಬಲಗೈ ಏಳುತ್ತಿಲ್ಲ, ಮಾತು ಹೊರಡುತ್ತಿಲ್ಲ. ಡಾಕ್ಟರು ಮುಖ ಕೊಟ್ಟು ಮಾತಾಡಲಿಲ್ಲ. ತಂತಿಗೆ ಕಾಯಬೇಡ, ರಜೆ ಕೇಳಿ ಹೊರಟು ಬಾ. ಇವತ್ತು ಸಂತೆ. ಸರೋಜ ಡಬ್ಬ ಎತ್ತಿಕೊಂಡು ಹೋದಳು. "ಮದುವೆ ಹೋದ್ರೆ ಹೋಗ್ಲಿ ಅಮ್ಮಾ, ಅಪ್ಪಯ್ಯ ಸಾಲಗಾರ ಅನ್ನಿಸ್ಕೊಂಡು ಹೋಗ್ಬಾರ್ದು" ಅಂದಳು. ನಾನು ತಡೆಯಲಿಲ್ಲ. ಅವರಿಗೆ ಕಿವಿ ಇನ್ನೂ ಕೇಳುತ್ತದೆ, ಬೀದಿ ಕಡೆಯ ಕಿಟಕಿ ತೆರೆದಿಟ್ಟಿದ್ದೇನೆ.