ಎರಡು ಮೊಹರಿನ ಪರವಾನಗಿ

ಸೋಮವಾರ, ಬೆಳಗ್ಗೆ
ಕೋವಿ ಅಂಗಡಿಯ ಹಿಂದಿನ ಕೋಣೆ

ನನ್ನ ಗುಬ್ಬೀ,

ಈ ದೇಶದ ಕೋವಿ ಕಾನೂನು ಬರೆದವರು ಕೊನೆಯ ಸಾಲು ಹೊಳೆಯದೆ ನನ್ನ ಹತ್ತಿರ ಓಡಿ ಬಂದಿದ್ದರು, ನಾನು ಕೋವಿಯ ಮರದ ಹಿಡಿ ಉಜ್ಜುತ್ತಲೇ ಆ ಸಾಲನ್ನು ಹೇಳಿ ಬರೆಸಿದೆ ಎಂಬುದು ನಿನಗೆ ಗೊತ್ತೇ ಇದೆ. ಚಿಕ್ಕವಳಿದ್ದಾಗ ನೀನು ಇದನ್ನು ನಂಬಿದ್ದೆ. ನಿಮ್ಮಮ್ಮ ಮಾತ್ರ, ಕಾನೂನು ಬರೆಸುವವನಿಗೆ ಸ್ವಂತ ಅಂಗಿಯ ಗುಂಡಿ ಹೊಲಿದುಕೊಳ್ಳಲು ಬರುವುದಿಲ್ಲವೇ ಎಂದು ಕೇಳುತ್ತಿದ್ದಳು.

ನಿನ್ನನ್ನು ಪೊಲೀಸರು ಆಸ್ಪತ್ರೆಯ ವಾರ್ಡಿನಿಂದ, ರೋಗಿಗೆ ಕಟ್ಟುತ್ತಿದ್ದ ಬ್ಯಾಂಡೇಜು ಅರ್ಧಕ್ಕೇ ಬಿಡಿಸಿ ಕರೆದೊಯ್ದು ಇಂದಿಗೆ ಆರು ದಿನ. ಜೈಲಿಗೆ ಬರುವ ಕಾಗದವನ್ನು ಮೊದಲು ಅಲ್ಲಿನ ಅಧಿಕಾರಿ ಒಡೆದು ಓದುತ್ತಾರಂತೆ. ಓದಲಿ. ಅವರಿಗೂ ತಿಳಿಯಲಿ ಎಂದೇ ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ.

ಭಾವ, ಅಂದರೆ ನಿನ್ನಪ್ಪ, ಬ್ಯಾಂಕಿನ ಕಾವಲುಗಾರ. ಜೋಡಿ ನಳಿಗೆಯ ಕೋವಿ ಅವನ ಸ್ವಂತದ್ದು, ಪರವಾನಗಿ ಅವನ ಹೆಸರಲ್ಲಿ. ಆ ಕೋವಿಗೆ ಹಿಡಿ ಕೆತ್ತಿ ಕೂರಿಸಿದವನು ನಾನು. ಭಾವ ತೀರಿಕೊಂಡ ಮೇಲೆ ಕೋವಿಯ ನಂಬರು ಠಾಣೆಯ ಪುಸ್ತಕದಲ್ಲಿ ನಿನ್ನ ಹೆಸರಿಗೆ ಬಂತು. ಮೂರು ತಿಂಗಳೊಳಗೆ ಠಾಣೆಗೆ ಒಪ್ಪಿಸಬೇಕು, ಇಲ್ಲವೇ ಪರವಾನಗಿ ಇದ್ದವರಿಗೆ ಮಾರಬೇಕು. ಮಾರುವುದಾದರೆ ಮಾರುವವರೂ ಕೊಳ್ಳುವವರೂ ಇಬ್ಬರೂ ಅಧಿಕಾರಿಯ ಎದುರು ನಿಂತು ಸಹಿ ಹಾಕಬೇಕು. ನೀನು ಮಾರುವ ಮಾತೇ ಆಡಲಿಲ್ಲ. ಮನೆಯಲ್ಲಿ ಅದು ಇದ್ದರೆ ನಿದ್ದೆ ಬರುವುದಿಲ್ಲ ಮಾವ, ಒಪ್ಪಿಸಿಬಿಡಿ ಎಂದು ಅರ್ಜಿಗೆ ಸಹಿ ಹಾಕಿ ಕೋವಿಯ ಜೊತೆಗೆ ನನ್ನ ಕೈಗೆ ಕೊಟ್ಟೆ. ಇನ್ಸ್‌ಪೆಕ್ಟರು ನನ್ನ ಜೇಬಲ್ಲಿದ್ದಾರೆ, ನೀನು ಹಾಯಾಗಿರು ಎಂದೆ.

ಆ ಅರ್ಜಿ ಈಗಲೂ ನನ್ನ ಮೇಜಿನ ಖಾನೆಯಲ್ಲಿ, ಉಪ್ಪುಕಾಗದದ ಕೆಳಗಿದೆ. ನಾನು ಠಾಣೆಗೆ ಹೋಗಲೇ ಇಲ್ಲ. ನೀನು ರಶೀದಿ ಕೇಳಿದಾಗಲೆಲ್ಲ ಸಾಹೇಬರು ರಜೆ, ಗುಮಾಸ್ತನಿಗೆ ಜ್ವರ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದೆ. ಆ ಗುಮಾಸ್ತನಿಗೆ ನಾನು ಬರಿಸಿದಷ್ಟು ಜ್ವರ ಯಾವ ಸೊಳ್ಳೆಯೂ ಬರಿಸಿರಲಿಕ್ಕಿಲ್ಲ.

ಕೋವಿಯನ್ನು ನಾನು ಮಾರಿಬಿಟ್ಟೆ. ಕೊಂಡವನು ಕೋಳಿ ಫಾರಂ ಇಟ್ಟುಕೊಂಡಿದ್ದ. ನಾಯಿಗಳ ಕಾಟ ಎಂದ. ನಮ್ಮ ಮುದುಕ ಮಾಲೀಕರು ಪುಸ್ತಕದಲ್ಲಿ ನಂಬರು ಬರೆಯದೆ ಒಂದು ತಿರುಪನ್ನೂ ಮಾರುವವರಲ್ಲ. ಅದಕ್ಕೇ ಅವರು ಊಟಕ್ಕೆ ಹೋದಾಗ ಈ ಕೋಣೆಗೆ ಬರಹೇಳಿದೆ. ಪರವಾನಗಿ ತೋರಿಸು ಎಂದೆ, ತೋರಿಸಿದ. ಅದರ ಮೇಲೆ ಎರಡು ಮೊಹರಿದ್ದವು. ಬೇರೆಯವರದಕ್ಕೆ ಒಂದೇ ಇರುತ್ತದೆ, ಇವನದಕ್ಕೆ ಎರಡಿವೆಯಲ್ಲ, ದೊಡ್ಡ ಕುಳವೇ ಇರಬೇಕು ಎಂದುಕೊಂಡೆ. ಕನ್ನಡಕ ಹಾಕಿರಲಿಲ್ಲ. ಎರಡನೆಯ ಮೊಹರನ್ನು ಓದಲಿಲ್ಲ.

ಈ ಕೊನೆಯ ಎರಡು ಸಾಲನ್ನು ಹೊಡೆದುಹಾಕಲು ಹೊರಟಿದ್ದೆ. ಬೇಡ, ಇರಲಿ, ನಿಮ್ಮ ಮಾವ ಎಂಥವನೆಂದು ಕಾಣಲಿ. ಕನ್ನಡಕ ಮೂಗಿನ ಮೇಲೇ ಇತ್ತು. ಓದಿದೆ. ‘ರದ್ದು’ ಎಂದಿತ್ತು. ಅದರ ಕೆಳಗೆ ನೀಲಿ ಶಾಯಿಯಲ್ಲಿ ‘ಹೆಂಡತಿಯ ದೂರಿನ ಮೇರೆಗೆ’ ಎಂದು ಬರೆದಿತ್ತು. ನಾನು ಊರ ಶಾಲೆಯಲ್ಲಿ ಏಳರವರೆಗೆ ಓದಿದವನು, ಅಷ್ಟು ಓದಲು ಅದು ಧಾರಾಳ ಸಾಕು. ಇದೇನಪ್ಪಾ ಎಂದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರಲ್ಲ ಅಣ್ಣಾ, ಎಂದು ನಕ್ಕ. ನಾನೂ ನಕ್ಕೆ. ಹಣ ಎಣಿಸಿಕೊಂಡೆ. ಸ್ವಲ್ಪ ಬಾಕಿ ಉಳಿಸಿದ.

ಮೂರು ವಾರದ ಮೇಲೆ ಅವನ ಫಾರಮ್ಮಿಗೆ ಹೋದೆ. ಹಿಡಿ ಸಡಿಲವಾಗಿದೆಯೋ ನೋಡಿಬರೋಣ ಎಂದು ಹೋದದ್ದು ಎಂದಿಟ್ಟುಕೋ. ಅವನಿರಲಿಲ್ಲ, ಹೆಂಡತಿ ಇದ್ದಳು. ಆಕೆ ತೆಳ್ಳಗೆ, ಸುಮಾರು ನಿನ್ನ ವಯಸ್ಸಿನವಳು, ಮೊಟ್ಟೆಗಳನ್ನು ಟ್ರೇಗೆ ಜೋಡಿಸುತ್ತಿದ್ದಳು. ಎಡಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು, ಎಲ್ಲ ಕೆಲಸ ಬಲಗೈಯಲ್ಲೇ. ನಾನು ಯಾರೆಂದು ಹೇಳಿದ ಕೂಡಲೇ ಬಾಗಿಲ ಕಡೆ ಒಮ್ಮೆ ನೋಡಿ ಬಂದು ಮೆಲ್ಲಗೆ ಹೇಳಿದಳು:

“ಅಣ್ಣಾ, ಅದನ್ನ ವಾಪಸ್ ತಗೊಂಡು ಹೋಗಿ. ಮಂಚದ ಕೆಳಗೇ ಇದೆ, ನಾನೇ ತಂದುಕೊಡ್ತೀನಿ. ಕಳುವಾಯ್ತು ಅಂತ ಹೇಳ್ಕೋತೀನಿ. ಹೊಡೆದ್ರೆ ಹೊಡೀಲಿ. ಬರೀ ಕೈಯಲ್ಲಿ ಹೊಡೆದ್ರೆ ಹೇಗೋ ತಡ್ಕೋತೀನಿ.”

ನನ್ನ ಬಾಯಿ ನಿನಗೆ ಗೊತ್ತಲ್ಲ. ನಾಯಿಗೆ ತಂದದ್ದಮ್ಮ, ನೀನು ಬೊಗಳದಿದ್ದರೆ ಸರಿ ಎಂದೆ. ತಮಾಷೆಗೆ ಅಂದದ್ದು. ಆಕೆ ನಗಲಿಲ್ಲ. ಟ್ರೇ ಎತ್ತಿಕೊಂಡು ಒಳಗೆ ಹೋದಳು.

ಅದಾಗಿ ಒಂಬತ್ತನೆಯ ದಿನ ಮೊದಲ ನಳಿಗೆಯ ಗುಂಡನ್ನು ಅವನು ಆಕೆಗೆ ಹೊಡೆದ, ಎರಡನೆಯದನ್ನು ತನಗೇ. ಕೋವಿ ಮಾರಿದ್ದು ಯಾರೆಂದು ಹೇಳಲು ಅಲ್ಲಿ ಯಾರೂ ಉಳಿಯಲಿಲ್ಲ. ಪೊಲೀಸರು ಕೋವಿ ಜಪ್ತಿ ಮಾಡಿ ನಂಬರು ಓದಿದರು. ಪುಸ್ತಕ ತೆರೆದರೆ ಅಲ್ಲಿದ್ದದ್ದು ನಿನ್ನ ಹೆಸರು. ನೀನು ಮಾವನ ಕೈಯಲ್ಲಿ ಕೊಟ್ಟಿದ್ದೆ ಎಂದೆಯಂತೆ. ಇನ್ಸ್‌ಪೆಕ್ಟರು ಇಲ್ಲಿಗೆ ಬಂದರು. ಗದರಿಸಲಿಲ್ಲ, ನಾನು ಅರ್ಧ ಕೆತ್ತಿದ ಹಿಡಿಯೊಂದನ್ನು ಕೈಗೆತ್ತಿಕೊಂಡು, ಒಳ್ಳೆ ಕೆಲಸ ಎಂದರು. ಆಮೇಲೆ ಕೇಳಿದರು: “ಆ ಹುಡುಗಿ ಹೇಳ್ತಿರೋದು ನಿಜಾನಾ?”

ಕೊಟ್ಟಿದ್ದಳು ಸಾರ್, ಎಣ್ಣೆ ಹಾಕಿ ಒರೆಸಿ ಅವಳ ಕೈಗೇ ವಾಪಸ್ ಕೊಟ್ಟೆ ಎಂದೆ.

ಗುಬ್ಬೀ, ಜನ್ಮವಿಡೀ ಕೊಚ್ಚಿಕೊಂಡ ಸುಳ್ಳುಗಳನ್ನು ಒಬ್ಬರೂ ನಂಬಲಿಲ್ಲ. ಇದೊಂದನ್ನು ಒಂದೇ ಸಲಕ್ಕೆ ನಂಬಿದರು. ಬರೆದುಕೊಂಡರು, ನಾನು ಸಹಿ ಹಾಕಿದೆ. ಅವರು ಹೋದ ಮೇಲೆ ಉಳಿಯನ್ನು ಪೆಟ್ಟಿಗೆಗೆ ಹಾಕಿದೆ. ಆ ಹಿಡಿ ಇನ್ನೂ ಅರ್ಧಕ್ಕೇ ಇದೆ.

ನಿನ್ನೆ ನಿಜ ಹೇಳಲೆಂದು ಠಾಣೆಗೆ ಹೊರಟೆ. ಮೆಟ್ಟಿಲ ಮೇಲಿದ್ದ ಪೇದೆ ಏನು ಬೇಕು ಎಂದು ಕೇಳಿದ. ಗಂಟೆ ಎಷ್ಟು ಎಂದು ಕೇಳಿಕೊಂಡು ಬಂದೆ. ಮೊನ್ನೆಯೂ ಅಷ್ಟೇ ಆಯಿತು. ಈಗ ಆ ಪೇದೆ ನನ್ನನ್ನು ಕಂಡರೆ ತಾನಾಗಿಯೇ ಗಂಟೆ ಹೇಳುತ್ತಾನೆ. ನನ್ನ ಕಾಲನ್ನು ನಾನು ನಂಬುವ ಹಾಗಿಲ್ಲ. ಅಂಚೆಗೆ ಬಿದ್ದ ಕಾಗದ ಹಿಂದಕ್ಕೆ ತಿರುಗುವುದಿಲ್ಲ, ಅದಕ್ಕೇ ಮೊದಲು ಇದನ್ನು ಹಾಕುತ್ತೇನೆ. ಖಾನೆಯ ಬೀಗದ ಕೈ ಮಾಲೀಕರ ಹತ್ತಿರ ಇರುತ್ತದೆ, ಪೊಲೀಸರು ನಿನ್ನ ಅರ್ಜಿ ತೆಗೆದು ನೋಡಲಿ, ತಾರೀಖು ಅದರಲ್ಲೇ ಇದೆ.

ನಿನ್ನನ್ನು ಬಿಡುತ್ತಾರೆ ಎಂದು ಧೈರ್ಯ ಹೇಳಲಾರೆ. ಬಿಟ್ಟರೂ ಆಸ್ಪತ್ರೆಯವರು ಮತ್ತೆ ಕರೆಯುತ್ತಾರೋ ಇಲ್ಲವೋ. ಕ್ಷಮಿಸು ಎಂದೂ ಬರೆಯುವುದಿಲ್ಲ. ಕ್ಷಮಿಸಬೇಕಾದ ಇನ್ನೊಬ್ಬಳು ಇಲ್ಲವಲ್ಲ.

ಇಂತಿ
ನಿನ್ನ ಸೋದರಮಾವ
(ಸಹಿ ನನ್ನದೇ. ಬೇಕಾದರೆ ಅಂಗಡಿಯ ಸಂಬಳದ ಪುಸ್ತಕದಲ್ಲಿ ಹೋಲಿಸಿ ನೋಡಲಿ.)

ಮತ್ತೊಂದು ವಿಷಯ: ಫಾರಮ್ಮಿಗೆ ಹೋದದ್ದು ಹಿಡಿ ನೋಡಲು ಅಲ್ಲ, ಬಾಕಿ ವಸೂಲಿಗೆ. ಸಾವಿರದ ಇನ್ನೂರು ಬರಬೇಕಿತ್ತು. ಒಳಗೆ ಹೋದ ಆಕೆ ಮೊಟ್ಟೆಯ ದುಡ್ಡಿನ ಡಬ್ಬಿ ತಂದು ನನ್ನೆದುರು ಸುರಿದಳು, ಇಷ್ಟೇ ಇರೋದು ಅಣ್ಣಾ, ಇದನ್ನ ತಗೊಂಡು ಅದನ್ನೂ ತಗೊಂಡು ಹೋಗಿ ಎಂದಳು. ಎಣಿಸಿದೆ, ಆರುನೂರಿತ್ತು. ಜೇಬಿಗೆ ಹಾಕಿಕೊಂಡೆ. ಕೋವಿ ಮಂಚದ ಕೆಳಗೇ ಇತ್ತು. ಯಾವ ವ್ಯವಹಾರವೆಂದು ಹೇಳದೆ, ಎರಡು ಲಕ್ಷ ಮುಳುಗಿತು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನನಗೆ ನಷ್ಟವಾದದ್ದು ಆರುನೂರು.