ಅಶರೀರವಾಣಿ ಬೇಡಿದ ಕ್ಷಮೆ

ಮೂರನೆಯ ಮಹಡಿ, ಕಿಟಕಿಯ ಪಕ್ಕದ ಮೇಜು
ಹದಿನಾಲ್ಕನೆಯ ತಾರೀಕು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಂಗಿ ಗುಬ್ಬಿಗೆ,

ನಿನ್ನ ಅಣ್ಣನ ಹೃತ್ಪೂರ್ವಕ ಆಶೀರ್ವಾದಗಳು. ಭಗವಂತನ ದಯೆಯಿಂದ ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮಂಡಿನೋವು ಈಗ ಹೇಗಿದೆ? ಮೆಟ್ಟಿಲನ್ನು ಒಂದೊಂದಾಗಿ ಹತ್ತುತ್ತಿದ್ದೀಯಾ, ಅಥವಾ ಚಿಕ್ಕಂದಿನ ಹಾಗೆ ಎರಡೆರಡನ್ನು ಒಮ್ಮೆಗೇ ಹಾರಲು ಹೋಗುತ್ತೀಯಾ? ಕಣ್ಣಿನ ಪೊರೆ ತೆಗೆಸಿಕೊಂಡೆಯೆಂದು ಕೇಳಿದ್ದೆ. ಕೇಳಿದ್ದು ಮೂರನೆಯವರ ಬಾಯಿಂದ. ಹನ್ನೊಂದು ವರ್ಷಗಳಿಂದ ನಿನ್ನ ಸಮಾಚಾರವೆಲ್ಲ ನನಗೆ ಮೂರನೆಯವರ ಬಾಯಿಂದಲೇ ಬರುತ್ತಿತ್ತು. ಕಳೆದ ಶುಕ್ರವಾರ ಬಂದ ಕಾಗದ ಮಾತ್ರ ನಿನ್ನ ಕೈಯದು. ಲಕೋಟೆಯ ಮೇಲಿನ ಅಕ್ಷರವನ್ನು ಕಂಡೊಡನೆ ನಿನ್ನ ಅತ್ತಿಗೆ ಕೈಯಲ್ಲಿದ್ದ ಸೌಟನ್ನು ಕೆಳಗಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತುಬಿಟ್ಟಳು.

ಆ ಕಾಗದವನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ, ಈಗ ನೋಡದೆಯೇ ಇಲ್ಲಿ ಇಳಿಸಬಲ್ಲೆ. “ಅಣ್ಣಾ, ಸೋಮವಾರ ಹನ್ನೊಂದು ಗಂಟೆಗೆ ನಿನ್ನ ಫೋನ್ ಬಂತು. ‘ಬಹಳ ತಡವಾಯಿತು, ಕ್ಷಮಿಸಿ’ ಅಂದೆಯಲ್ಲ, ಆಮೇಲೆ ನನಗೆ ಏನೂ ಕೇಳಿಸ್ಕೊಳ್ಳೋಕೆ ಆಗ್ಲಿಲ್ಲ, ಇಟ್ಟುಬಿಟ್ಟೆ. ಕೋಪದಲ್ಲಿ ಇಟ್ಟೆ ಅಂದ್ಕೋಬೇಡ. ಆದ್ರೂ ಬಹುವಚನ ಯಾಕೋ? ನಾನೇನು ಅಷ್ಟು ದೊಡ್ಡೋಳಾಗಿಬಿಟ್ನಾ? ಹತ್ತೊಂಬತ್ತಕ್ಕೆ, ಭಾನುವಾರ, ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ಅಮ್ಮನ ಪುಸ್ತಕ ತೆಗೆದಿಡು. ಮಂಡಿಗೆ ಪಟ್ಟಿ ತರಿಸಿದ್ದೆ, ಇನ್ನೂ ಬಂದಿಲ್ಲ. ಬಂದ್ರೆ ಹಾಕ್ಕೊಂಡೇ ಬರ್ತೀನಿ.”

ಗುಬ್ಬೀ, ಆ ಸೋಮವಾರ ಹನ್ನೊಂದು ಗಂಟೆಗೆ ನಾನು ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದೆ. ನಿನಗೆ ಕರೆ ಮಾಡಿದವನು ನಾನಲ್ಲ. ಧ್ವನಿ ಮಾತ್ರ ನನ್ನದು. ಈ ಮೂರು ಸಣ್ಣ ವಾಕ್ಯಗಳನ್ನು ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಮೂರು ಕಾಗದಗಳು ಹರಿದವು. ಮುಂದಿನದನ್ನು ಓದಿದ ಮೇಲೆ ಭಾನುವಾರದ ಬಸ್ಸನ್ನು ಹತ್ತುವುದೂ ಬಿಡುವುದೂ ನಿನ್ನ ಚಿತ್ತಕ್ಕೆ ಸೇರಿದ್ದು. ಆದರೆ ದಯವಿಟ್ಟು ಪೂರ್ತಿ ಓದು.

ನನ್ನ ಬಾಳನ್ನು ನೀನು ಬಲ್ಲೆ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕುಳಿತು ಅನ್ಯರ ತಪ್ಪುಗಳನ್ನು ತಿದ್ದಿದವನು. ಪ್ರಾರ್ಥನಾಮಂದಿರದಲ್ಲಿ ವಾರಕ್ಕೊಮ್ಮೆ ಗ್ರಂಥಪಠನ ಮಾಡಿ ‘ಎಂಥ ಕಂಠ!’ ಎನ್ನಿಸಿಕೊಂಡವನು. ಎರಡನೆಯದರ ರುಚಿ ಹತ್ತಿದ್ದರಿಂದಲೇ ಈ ಅನರ್ಥವೆಲ್ಲ. ಹೋದ ವರ್ಷ ಮಂದಿರಕ್ಕೆ ಒಬ್ಬ ತರುಣಿ ಬಂದಳು. ಕೊರಳಲ್ಲಿ ದೊಡ್ಡ ಹೆಡ್‌ಫೋನು. ಕಣ್ಣು ಕಾಣದವರಿಗೆ ಧರ್ಮಗ್ರಂಥಗಳನ್ನು ಓದಿ ಹೇಳುವ ಯಂತ್ರವೊಂದನ್ನು ಅವಳ ಕಂಪನಿ ಸಿದ್ಧಪಡಿಸುತ್ತಿದೆಯೆಂದೂ ಅದಕ್ಕೆ ಒಂದು ಧ್ವನಿ ಬೇಕೆಂದೂ ಹೇಳಿದಳು. “ತಾತ, ನಿಮ್ಮ ದನಿ ಕೇಳಿದ್ರೆ ಜಗಳ ಆಡ್ತಿರೋರೂ ಸುಮ್ನಾಗ್ತಾರೆ” ಎಂದಳು. ಪುಣ್ಯಕಾರ್ಯ ಹಾಗೂ ಹೊಗಳಿಕೆ ಒಂದೇ ಬಾಗಿಲಿನಿಂದ ಒಳಗೆ ಬಂದಾಗ ಯಾವುದಕ್ಕೆ ಮಣೆ ಹಾಕಿದೆನೆಂದು ನಾನು ಈಗ ಪ್ರಮಾಣಮಾಡಿ ಹೇಳಲಾರೆ.

ಒಪ್ಪಂದಪತ್ರ ನಲವತ್ತೊಂದು ಪುಟ. ಲೋಕದವರೆಲ್ಲ ಕೊನೆಯ ಪುಟಕ್ಕೆ ಹಾರಿ ‘ಒಪ್ಪಿದ್ದೇನೆ’ ಎಂಬಲ್ಲಿ ಬೆರಳೊತ್ತಿ ಕೈತೊಳೆದುಕೊಳ್ಳುತ್ತಾರಂತೆ. ನಾನು ಪ್ರತಿಯೊಂದು ಸಾಲನ್ನೂ ಓದಿದೆ. ಓದಿದ್ದು ಸಾಲದೆಂಬಂತೆ ಕೆಂಪು ಶಾಯಿಯಲ್ಲಿ ತಿದ್ದಿಯೂ ಕೊಟ್ಟೆ. ಇಪ್ಪತ್ತೊಂಬತ್ತನೆಯ ಪುಟದಲ್ಲಿ ‘ಈ ಧ್ವನಿಯನ್ನು ಬಳಸುವ ಹಕ್ಕು ಕಂಪನಿಗೂ’ ಎಂದು ಆರಂಭವಾದ ವಾಕ್ಯವೊಂದು ಅಲ್ಲಿಗೇ ಕಡಿದುಹೋಗಿತ್ತು. ಅಚ್ಚಿನಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಅರ್ಧ ವಾಕ್ಯವನ್ನು ಹಾಗೆಯೇ ಬಿಟ್ಟು ಮುಂದಕ್ಕೆ ಹೋಗುವುದು ನನ್ನ ಜಾಯಮಾನವಲ್ಲ. ನೂರಾರು ಕರಾರುಪತ್ರಗಳನ್ನು ತಿದ್ದಿದ ಅನುಭವದಿಂದ ಆ ಜಾಗದಲ್ಲಿ ‘ಮುಂದೆ ಅದನ್ನು ಕೊಳ್ಳುವವರಿಗೂ ಶಾಶ್ವತವಾಗಿ ಸೇರತಕ್ಕದ್ದು’ ಎಂದು ನಾನೇ, ನನ್ನ ಕೈಯಾರೆ, ದುಂಡಗೆ ಬರೆದು ಪೂರ್ತಿಮಾಡಿದೆ. “ಅಬ್ಬಾ ತಾತ, ನಮ್ಮ ವಕೀಲರಿಗಿಂತ ನೀವೇ ವಾಸಿ” ಎಂದು ಅವಳು ನಕ್ಕಳು. ನಾನೂ ಬೀಗಿದೆ. ಬೋನಿನ ಬಾಗಿಲ ಅಗುಳಿ ಸಡಿಲವಾಗಿದೆಯೆಂದು ಒಳಗಿದ್ದ ಇಲಿಯೇ ಎದ್ದು ಸರಿಪಡಿಸಿದ ಕಥೆಯನ್ನು ನೀನು ಬೇರೆಲ್ಲಾದರೂ ಕೇಳಿದ್ದೀಯಾ?

ಹದಿನಾಲ್ಕು ದಿನ ಗಾಳಿಯಾಡದ ಒಂದು ಪುಟ್ಟ ಕೋಣೆಯಲ್ಲಿ ಕುಳ್ಳಿರಿಸಿ ಐದು ಸಾವಿರ ವಾಕ್ಯಗಳನ್ನು ನನ್ನಿಂದ ಹೇಳಿಸಿದರು. ಯಂತ್ರ ಅವುಗಳಿಂದ ನನ್ನ ಕಂಠವನ್ನು ಕಲಿತು, ನಾನು ಹೇಳದ ಮಾತುಗಳನ್ನೂ ಹೇಳುವುದಂತೆ. ಗ್ರಂಥಗಳಿಗಿಂತ ಹೆಚ್ಚಾಗಿ ‘ಸ್ವಾಗತ’, ‘ದಯವಿಟ್ಟು ಕಾಯಿರಿ’, ‘ಕ್ಷಮಿಸಿ’ ಎಂಬಂಥವೇ ಏಕೆ ಎಂದು ಕೇಳಿದ್ದಕ್ಕೆ, “ದನಿ ಪಳಗ್ಬೇಕಲ್ಲ ತಾತ” ಎಂದಳು.

ಎಂಟು ತಿಂಗಳ ಹಿಂದೆ ಬೆಳಗಿನ ಚಹಾದ ಹೊತ್ತಿನಲ್ಲಿ ನನ್ನ ಸೊಸೆ ಫೋನು ನೋಡುತ್ತ ವ್ಯಾಪಾರದ ಸುದ್ದಿಯನ್ನು ಓದಿ ಹೇಳಿದಳು. ಆ ಕಂಪನಿಯನ್ನು ಮನೆಮನೆಗೆ ಸಾಮಾನು ತಲುಪಿಸುವ ದೊಡ್ಡ ಕಂಪನಿಯೊಂದು ಕೊಂಡುಕೊಂಡಿತ್ತು. ಬೆಲೆಯ ಸೊನ್ನೆಗಳನ್ನು ಕಂಡು, ಅಕ್ಷರ ಜೋಡಿಸುವವನು ಒಂದೇ ಕೀಲಿಯ ಮೇಲೆ ಬೆರಳಿಟ್ಟು ತೂಕಡಿಸಿರಬೇಕೆಂದು ನಾನು ಶಂಕಿಸಿದೆ. ಹೊಸ ಒಡೆಯ ವೇದಿಕೆಯ ಮೇಲೆ ‘ಇನ್ನು ನಾವೆಲ್ಲ ಒಂದೇ ಕುಟುಂಬ’ ಎಂದು ಕಣ್ಣೊರೆಸಿಕೊಂಡನಂತೆ. ಅದರ ಕೆಳಗಿನ ಸಾಲಿನಲ್ಲೇ ನಾನೂರು ಜನರನ್ನು ಕೆಲಸದಿಂದ ತೆಗೆದ ವಾರ್ತೆ. “ನೋಡಿ ಮಾವ, ನಾನೂರು ಜನರನ್ನ ಆಚೆ ತಳ್ಳಿ ಕುಟುಂಬ ಅಂತಾನೆ, ನಾಚಿಕೆ ಬೇಡ್ವಾ!” ಎಂದಳು ಸೊಸೆ. ನಾನು ಗಹಗಹಿಸಿ ನಕ್ಕೆ. ನಿನ್ನ ಅತ್ತಿಗೆ ಮಾತ್ರ ನಗದೆ ನನ್ನ ಮುಖವನ್ನೇ ನೋಡಿದಳು. ಅವಳು ಯಾರನ್ನು ನೆನೆದಳೆಂದು ನನಗೆ ತಿಳಿಯಿತು. ನಗು ಅರ್ಧಕ್ಕೇ ನಿಂತಿತು.

ನನ್ನ ಧ್ವನಿ ಈಗ ಇರುವುದಾದರೂ ಎಲ್ಲಿ ಎಂದು ವಿಚಾರಿಸಿದೆ. “ಕ್ಲೌಡಲ್ಲಿದೆ ಮಾವ” ಎಂದಳು. ಪುರಾಣಗಳಲ್ಲಿ ಅಶರೀರವಾಣಿ ಮೋಡದ ಮರೆಯಿಂದ ಕೇಳಿಬರುವುದನ್ನು ಎಷ್ಟೋ ಸಲ ಭಕ್ತಿಯಿಂದ ಓದಿದ್ದೇನೆ. ಅದರ ಹಿಂದೆಯೂ ಯಾರೋ ಒಬ್ಬ ಮುದುಕ ಪೂರ್ತಿಮಾಡಿಕೊಟ್ಟ ಕರಾರುಪತ್ರ ಇದ್ದಿರಬಹುದೇ ಎಂಬ ಸಂದೇಹ ಮೊದಲ ಬಾರಿಗೆ ಸುಳಿಯಿತು. ದೇವರು ಮನ್ನಿಸಲಿ.

ಹೊಸ ಒಡೆಯ ನನ್ನ ಧ್ವನಿಯನ್ನು ಕೇಳಿದವರಿಗೆಲ್ಲ ಬಾಡಿಗೆಗೂ ಕೊಟ್ಟ. ಅಂದಿನಿಂದ ನನಗೆ ನನ್ನಿಂದಲೇ ಬಿಡುಗಡೆಯಿಲ್ಲ. ನಮ್ಮ ಕಟ್ಟಡದ ಲಿಫ್ಟಿನಲ್ಲಿ ‘ಬಾಗಿಲು ಮುಚ್ಚುತ್ತಿದೆ, ಹಿಂದೆ ಸರಿಯಿರಿ’ ಎನ್ನುವವನು ನಾನು. ಅದಕ್ಕೆ ಅಂಜಿ ಮೂರು ಮಹಡಿಯನ್ನು ಮೆಟ್ಟಿಲಿನಲ್ಲೇ ಇಳಿಯುತ್ತೇನೆ. ಹಲ್ಲಿನ ವೈದ್ಯರಲ್ಲಿ ಸರದಿ ಕೂಗುವವನೂ ನಾನೇ. ನನ್ನನ್ನು ನಾನೇ ಕರೆದು, ನಾನೇ ಎದ್ದು, ನಾನೇ ಒಳಗೆ ಹೋಗಬೇಕು. “ಐವತ್ತು ವರ್ಷ ಮನೇಲಿ ಕೇಳಿದ್ದು ಸಾಲ್ದು ಅಂತ ಇನ್ನು ಲಿಫ್ಟಲ್ಲೂ ಕೇಳ್ಬೇಕಾ? ಹೋಗ್ಲಿ, ಲಿಫ್ಟಿಗೆ ಗುಂಡಿ ಒತ್ತಿದ್ರೆ ಬಾಗ್ಲಾದ್ರೂ ತೆಗೀತದೆ. ನಿಮ್ಮ ಗುಂಡಿ ಎಲ್ಲಿದೆ ಅಂತ ನನಗಿನ್ನೂ ಸಿಕ್ಕಿಲ್ಲ” ಎನ್ನುತ್ತಾಳೆ ನಿನ್ನ ಅತ್ತಿಗೆ. ಎಲ್ಲಕ್ಕಿಂತ ಕೆಟ್ಟದ್ದು ನಡೆದದ್ದು ಮಂದಿರದಲ್ಲಿ. ನಾನು ಪಠನವನ್ನು ಆರಂಭಿಸಿದೆ; ಎರಡನೆಯ ಸಾಲಿನಲ್ಲಿ ಕುಳಿತಿದ್ದ ಟೈಲರು ಥಟ್ಟನೆ ಜೇಬಿನಿಂದ ಫೋನು ತೆಗೆದು, “ಹಲೋ, ಪಾರ್ಸೆಲ್ಲಾ?” ಎಂದುಬಿಟ್ಟ. ಮಂದಿರವೆಲ್ಲ ನಕ್ಕಿತು. ಅಂದು ಗ್ರಂಥವನ್ನು ಮುಚ್ಚಿದವನು ಮತ್ತೆ ಅಲ್ಲಿ ಬಾಯಿ ತೆರೆದಿಲ್ಲ.

ಇದನ್ನು ನಿಲ್ಲಿಸಿರೆಂದು ಬೇಡಿಕೊಳ್ಳಲು ಕಂಪನಿಗೆ ಫೋನು ಮಾಡಿದೆ. ಎತ್ತಿಕೊಂಡವನು ನಾನು! ‘ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ’ ಎಂದು ಮುಕ್ಕಾಲು ಗಂಟೆ ನನ್ನನ್ನು ನಾನೇ ಕಾಯಿಸಿದೆ. ಕೊನೆಗೆ ‘ನಿಮ್ಮ ದೂರನ್ನು ಹೇಳಿ’ ಎಂದಿತು. ಹೇಳಿದೆ. ‘ಯಂತ್ರದ ಧ್ವನಿ ಪತ್ತೆಯಾಗಿದೆ. ದಯವಿಟ್ಟು ಮನುಷ್ಯರೊಬ್ಬರಿಂದ ಮಾತನಾಡಿಸಿ’ ಎಂದು ನನ್ನ ಕಂಠದಲ್ಲೇ ನನಗೆ ಹೇಳಿ ಕರೆಯನ್ನು ಕಡಿಯಿತು. ಹೆಡ್‌ಫೋನಿನ ತರುಣಿಯನ್ನು ಹುಡುಕಿಸಿದೆ. ಅವಳೂ ಆ ನಾನೂರರಲ್ಲಿ ಒಬ್ಬಳು. “ತಾತ, ನಾನು ಹೊರಗಿದೀನಿ, ನಿಮ್ಮ ದನಿ ಒಳಗಿದೆ. ಇಬ್ರಿಗೂ ಬಾಗ್ಲು ತೆಗೆಯೋರು ಯಾರೂ ಇಲ್ಲ” ಎಂದಳು, ಪಾಪ.

ಇನ್ನು ನಿನಗೆ ಬಂದ ಕರೆ. ಹೋದ ತಿಂಗಳು ಸೊಸೆ ತರಿಸಿದ ಬಕೆಟ್ಟು ತಡವಾದಾಗ ಅವಳಿಗೂ ಅದೇ ಬಂದಿತ್ತು: ‘ನಮಸ್ಕಾರ. ಬಹಳ ತಡವಾಯಿತು, ಕ್ಷಮಿಸಿ. ನೀವು ತರಿಸಿದ ಬಕೆಟ್ ಗುರುವಾರ ತಲುಪುತ್ತದೆ.’ ನಿನ್ನ ಕಾಗದದ ಕೊನೆಯಲ್ಲಿದ್ದ ಮಂಡಿಪಟ್ಟಿಯ ಸಾಲನ್ನು ಓದಿದಾಗ ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅರ್ಧ ಕ್ಷಣ ತಾಳಿದ್ದರೆ ನಿನಗೂ ಮಂಡಿಪಟ್ಟಿಯ ಮಾತು ಕೇಳುತ್ತಿತ್ತು.

ನಿನ್ನ ಅತ್ತಿಗೆ ಹೇಳುವುದು ಬೇರೆ. “ಹನ್ನೊಂದು ವರ್ಷ ನಿಮ್ಮ ಬಾಯಿಂದ ಹೊರಡ್ದೇ ಇದ್ದ ಮಾತನ್ನ ಯಾವುದೋ ಯಂತ್ರ ಹೇಳಿದೆ. ಕೈಮುಗಿದು ಸುಮ್ನಿರಿ. ಮೊದ್ಲು ಬರ್ಲಿ, ಆಮೇಲೆ ಹೇಳಿದ್ರಾಯ್ತು.” ನಾಲ್ಕು ದಿನ ಸುಮ್ಮನಿರಲು ನೋಡಿದೆ. ನಿನಗೆ ಸತ್ಯವನ್ನು ತಿಳಿಸಿದರೆ ನಿನ್ನನ್ನು ಎರಡನೆಯ ಬಾರಿಗೆ ಕಳೆದುಕೊಳ್ಳುತ್ತೇನೆ. ತಿಳಿಸದಿದ್ದರೆ ನೀನು ಯಂತ್ರದ ತಂಗಿಯಾಗಿ ಈ ಹೊಸ್ತಿಲನ್ನು ದಾಟುತ್ತೀಯೆ. ಪ್ರಾರ್ಥನೆಗೆ ಕುಳಿತರೆ ‘ಬಹಳ ತಡವಾಯಿತು’ ಎಂಬ ನನ್ನದೇ ಧ್ವನಿ ಕಿವಿಯಲ್ಲಿ ಮೊಳಗುತ್ತದೆ. ಹೊರಳಲು ಜಾಗವಿಲ್ಲದ ಆ ಪುಟ್ಟ ಕೋಣೆಯಲ್ಲೇ ಇನ್ನೂ ಕುಳಿತಿದ್ದೇನೆ ಎನಿಸುತ್ತದೆ.

ಅಂದು ನಡೆದದ್ದನ್ನು ನಾವಿಬ್ಬರೂ ಬಲ್ಲೆವು. ಆದರೂ ಒಮ್ಮೆ ನನ್ನ ಕೈಯಿಂದ ಬರೆಯುತ್ತೇನೆ. ಅಮ್ಮ ಹಾಸಿಗೆ ಹಿಡಿದ ಆರು ವರ್ಷ ಆಕೆಯನ್ನು ನೋಡಿಕೊಂಡವಳು ನೀನು. ತನ್ನ ನೆನಪಿನ ದಿನ ತಾನು ನಿತ್ಯ ಓದುತ್ತಿದ್ದ ಪುಸ್ತಕವನ್ನು ನೀನೇ ಓದಬೇಕೆಂದು ಆಕೆ ನನ್ನ ಎದುರಿನಲ್ಲೇ ಹೇಳಿದ್ದಳು. ನಲವತ್ತು ಜನರ ಮುಂದೆ ನೀನು ಓದುತ್ತ ಗಂಟಲು ಕಟ್ಟಿ ನಿಂತೆ. ಒಂದು ಲೋಟ ನೀರು ಕೊಟ್ಟು ಕಾಯಬೇಕಾಗಿದ್ದ ನಾನು ನಿನ್ನ ಕೈಯಿಂದ ಪುಸ್ತಕವನ್ನು ತೆಗೆದುಕೊಂಡು, ನೀನು ಬಿಟ್ಟ ಸಾಲಿನಿಂದ ಮುಂದಕ್ಕೆ ಓದಿಬಿಟ್ಟೆ. ಎಲ್ಲರೂ ನನ್ನ ಕಂಠವನ್ನು ಕೊಂಡಾಡಿದರು. ನಾನು ತಲೆಯೆತ್ತಿ ನೋಡಿದಾಗ ನಿನ್ನ ಕುರ್ಚಿ ಬರಿದಾಗಿತ್ತು, ಚಪ್ಪಲಿ ಹೊರಗಿರಲಿಲ್ಲ. ನೀನು ಬಿಟ್ಟ ಪುಟದಲ್ಲಿ ಒಂದು ಬಸ್ ಚೀಟಿಯನ್ನಿಟ್ಟು ಮುಚ್ಚಿದ್ದೇನೆ. ಮತ್ತೆ ತೆರೆದಿಲ್ಲ.

ಇಲ್ಲಿಗೆ ಅರಿಕೆ ಮುಗಿಯಿತು. ಸೊಸೆ ನಮಸ್ಕಾರ ತಿಳಿಸಿದ್ದಾಳೆ. ಅತ್ತಿಗೆ ನಿನಗೆಂದು ಕೊಠಡಿಯ ಹಾಸಿಗೆಗೆ ಹೊಸ ಹೊದಿಕೆಯನ್ನು ಹಾಕಿದ್ದಾಳೆ; ನೀನು ಬಾರದಿದ್ದರೆ ತೆಗೆಯುವ ಕೆಲಸ ನನ್ನದಂತೆ. ಎಲ್ಲಿದ್ದರೂ ಭಗವಂತ ನಿನಗೆ ನೆಮ್ಮದಿಯನ್ನೂ ನೋವಿಲ್ಲದ ನಡಿಗೆಯನ್ನೂ ಕರುಣಿಸಲಿ.

ಇತಿ,
ನಿನ್ನ ಅಣ್ಣ

ತಾ.ಕ.: ಅಂಚೆಗೆ ಹೊತ್ತಾಯಿತು. ಲಕೋಟೆ ಅಂಟಿಸುವ ಮುನ್ನ ಅತ್ತಿಗೆಗೆ ಓದಿ ಹೇಳಿದೆ. “ಮುಖ್ಯವಾದದ್ದನ್ನೇ ಬಿಟ್ಟಿದೀರಿ, ಬರೀರಿ” ಎಂದು ಎದುರಿಗೇ ನಿಂತಿದ್ದಾಳೆ. ಆ ಕೋಣೆಯಲ್ಲಿ ‘ಬಹಳ ತಡವಾಯಿತು, ಕ್ಷಮಿಸಿ’ ಎಂಬುದನ್ನು ಆರು ಸಲ ಹೇಳಿದರೂ ಆ ತರುಣಿ ಒಪ್ಪಲಿಲ್ಲ. “ತಾತ, ಪಾಠ ಒಪ್ಪಿಸ್ತಿದೀರಿ. ನಿಜವಾಗ್ಲೂ ಯಾರಿಗಾದ್ರೂ ಹೇಳ್ಬೇಕಾಗಿದೆಯಾ? ಇದ್ರೆ ಅವ್ರನ್ನ ನೆನೆಸ್ಕೊಂಡು ಹೇಳಿ” ಎಂದಳು. ಏಳನೆಯ ಸಲ ಕಣ್ಣುಮುಚ್ಚಿದೆ, ಬರಿದಾದ ಕುರ್ಚಿ ಕಾಣಿಸಿತು, ಹೇಳಿದೆ. ಅವಳು ಹೆಡ್‌ಫೋನನ್ನು ಕೊರಳಿಗಿಳಿಸಿ, “ಇಷ್ಟು ಸಾಕು ತಾತ” ಎಂದಳು. ಅವರು ಇಟ್ಟುಕೊಂಡದ್ದು ಅದನ್ನೇ. ಬಕೆಟ್ಟು ಛತ್ರಿಗಳಿಗಾಗಿ ಊರವರೆಲ್ಲರ ಮನೆಗೆ ಹೋಗಿ ಬಂದ ಆ ಮಾತು ಹೊರಟದ್ದು ನಿನ್ನ ವಿಳಾಸಕ್ಕೆ. ಈಗ ಅದನ್ನು ಯಾರೂ ಕೊಳ್ಳಲಾಗದಂತೆ ಕೈಯಿಂದ ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ಗುಬ್ಬೀ, ಕ್ಷಮಿಸು. ಭಾನುವಾರ ಪುಸ್ತಕ ಮೇಜಿನ ಮೇಲಿರುತ್ತದೆ, ಪಕ್ಕದಲ್ಲಿ ಒಂದು ಲೋಟ ನೀರು. ನೀನು ಎಷ್ಟು ಹೊತ್ತು ನಿಂತರೂ ಕಾಯುತ್ತೇನೆ.